ಎಲೆಕಾವಲಿನ ದೃಷ್ಟಿಬೊಟ್ಟು

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಜೋರು ಮಳೆಯೇನಲ್ಲ, ಆಷಾಢದ ಗಾಳಿಯ ಜೊತೆ ಬಂದು ಮೈಮೇಲೆ ಹಿಟ್ಟು ಚಿಮುಕಿಸಿದ ಹಾಗೆ ಕೂರುವ ಸೋನೆ. ಹಾಸನದ ಸುತ್ತಿನ ಹೊಲಗಳಲ್ಲಿ ಆಲೂಗೆಡ್ಡೆಗೆ ಮಣ್ಣು ಏರಿಸುವ ಕೆಲಸ ಮುಗಿದಿತ್ತು. ಗಂಡಸರು ಬೆನ್ನಿಗೆ ಕ್ಯಾನು ಕಟ್ಟಿಕೊಂಡು, ಮಳೆ ಬಿಡುವು ಕೊಟ್ಟ ಅರ್ಧ ಗಂಟೆಯಲ್ಲೇ ಔಷಧಿ ಹೊಡೆದು ಮುಗಿಸುವ ಅವಸರದಲ್ಲಿದ್ದರು. ಮೋಡ ಕವಿದ ಇಂಥ ದಿನಗಳಲ್ಲೇ ಅಂಗಮಾರಿ ರೋಗ ಬರುವುದು. ಬಂದರೆ ಮೂರು ದಿನ ಸಾಕು, ಹಸಿರು ಹೊಲ ಬಿಸಿನೀರು ಎರಚಿದಂತಾಗುತ್ತದೆ.

2024ರ ಜುಲೈ 9, ಮಂಗಳವಾರ. ಗ್ರಾಮಾಂತರ ಠಾಣೆಯ ಹಿಂದಿನ ತಗಡಿನ ಚಪ್ಪರದ ಕೆಳಗೆ ಹೆಡ್ ಕಾನ್‌ಸ್ಟೆಬಲ್ ರುದ್ರಯ್ಯ ಕುಕ್ಕರಗಾಲಲ್ಲಿ ಕೂತು, ಜಪ್ತಿಯಾದ ಬೈಕುಗಳ ಟ್ಯಾಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅಪರಾಧ ಸಂಖ್ಯೆ ಬರೆಯುತ್ತಿದ್ದ. ಆ ಠಾಣೆಯಲ್ಲಿ ಬ್ರಷ್ಷು ಹಿಡಿಯಬಲ್ಲವನು ಅವನೊಬ್ಬನೇ. ಬೇರೆಯವರು ಬರೆದರೆ ಅಂಕಿಗಳು ಟ್ಯಾಂಕು ದಾಟಿ ಸೀಟಿನ ಕಡೆಗೆ ಹರಿಯುತ್ತಿದ್ದವು. ರುದ್ರಯ್ಯ ಬರೆದರೆ ಠಾಣೆಯ ಹೆಸರು, ಸಂಖ್ಯೆ, ವರ್ಷ ಎಲ್ಲವೂ ಒಂದು ಗೇಣಿನಲ್ಲಿ ಕೂತು, ಇನ್ನೂ ಒಂದು ಬೆರಳು ಜಾಗ ಉಳಿಯುತ್ತಿತ್ತು.

ಹತ್ತು ನಲವತ್ತಕ್ಕೆ ಕೊರವಂಗಲದ ಪುಟ್ಟಸ್ವಾಮಿ ಮತ್ತು ಅವನ ಹೆಂಡತಿ ಚಿಕ್ಕಮ್ಮ ಒಂದು ಗೋಣಿಚೀಲ ಹೊತ್ತುಕೊಂಡು ಬಂದರು. ಬಾಗಿಲಲ್ಲಿದ್ದ ಕಾನ್‌ಸ್ಟೆಬಲ್ ಕೀರ್ತಿರಾಜ್ ಮೂಗು ಮುಚ್ಚಿಕೊಂಡ.

"ಏನ್ರೀ ಅದು, ನಾರ್ತೈತೆ. ಹೊರಗಿಡಿ."

"ನಾರ್ಲಿ ಬುಡಿ ಸಾ. ನಿಮ್ಗೆ ತೋರ್ಸಾಕೇ ತಂದಿರಾದು," ಎಂದ ಪುಟ್ಟಸ್ವಾಮಿ.

ಚೀಲದಲ್ಲಿ ಕೊಳೆತ ಆಲೂಗೆಡ್ಡೆ ಗಿಡಗಳಿದ್ದವು. ಅವುಗಳ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಔಷಧಿಯ ಖಾಲಿ ಪೊಟ್ಟಣಗಳು. ಬೆಳ್ಳಿ ಬಣ್ಣದ ಪೊಟ್ಟಣ, ಅದರ ಮೇಲೆ ಅಂಗೈಯಗಲದ ಹಸಿರು ಲೇಬಲ್. ಲೇಬಲ್ಲಿನ ನೆತ್ತಿಯಲ್ಲಿ 'ಎಲೆಕಾವಲು' ಎಂಬ ಹೆಸರು.

ಇನ್ಸ್‌ಪೆಕ್ಟರ್ ಮೇಘಶ್ರೀ ಇಬ್ಬರನ್ನೂ ಕೂರಿಸಿದರು. ರುದ್ರಯ್ಯ ಕೈಯ ಬಣ್ಣ ಒರೆಸಿಕೊಂಡು ಬಂದು ದೂರು ಬರೆದುಕೊಳ್ಳಲು ಕೂತ.

"ಎಷ್ಟು ಎಕರೆ?"

"ನಮ್ದು ಎಲ್ಡೂವರೆ. ಊರ್ನಾಗೆ ಇನ್ನೂ ಅನ್ನೊಂದು ಜನದ್ದು ಸೇರುದ್ರೆ ಇಪ್ಪತ್ತಾರು ಮೇಡಂ."

"ಔಷಧಿ ಯಾವಾಗ ಹೊಡೆದಿರಿ?"

"ಜೂನ್ ಇಪ್ಪತ್ತೆಂಟು ಒಂದ್ಸಾರಿ. ಜುಲೈ ನಾಕು ಇನ್ನೊಂದ್ಸಾರಿ. ಐದನೇ ತಾರೀಕು ಎಲೆ ಮ್ಯಾಲೆ ಮಚ್ಚೆ ಬಂತು. ಎಂಟಕ್ಕೆ ಒಲ ಪೂರ್ತಿ ಕರ್ರಗೆ."

"ಔಷಧಿ ಹೊಡೆದರೂ ರೋಗ ಬರೋದುಂಟಲ್ಲ?"

"ಬತ್ತದೆ, ಇಲ್ಲ ಅನ್ನಾಕಿಲ್ಲ. ಆದ್ರೆ ಬದಿನಾಗೇ ಚಿಕ್ಕಯ್ಯನ ಒಲ ಐತೆ. ಅವ್ನೂ ಇದೇ ಎಸರಿನ ಔಷಧಿ ಒಡ್ದವ್ನೆ. ಅವುಂದು ಅಸಿರಾಗೇ ಐತೆ. ಅವ್ನು ಆಸನದಾಗೆ ತಂದ. ನಾನು ಕಾಯಿ ಮಾರಾಕೆ ಚನ್ನರಾಯಪಟ್ಣಕ್ಕೆ ಓಗಿದ್ದೆ, ಅಂಗೇ ಅಲ್ಲೇ ತಂದ್ಬುಟ್ಟೆ. ಅನ್ನೊಂದು ಜನುಕ್ಕೂ ಸೇರ್ಸಿ ನಾನೇ ತಂದೆ."

ಕೊನೆಯ ಮಾತು ಹೇಳುವಾಗ ಅವನ ದನಿ ತಗ್ಗಿತು. ಹನ್ನೊಂದು ಮನೆಯವರು ಈಗ ಬೆರಳು ಮಾಡುತ್ತಿರುವುದು ಕಂಪನಿಯ ಕಡೆಗಲ್ಲ, ತನ್ನ ಮನೆಯ ಕಡೆಗೆ ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಚಿಕ್ಕಮ್ಮ ಒಂದು ಪೊಟ್ಟಣ ಎತ್ತಿ ಮೇಜಿನ ಮೇಲಿಟ್ಟಳು. "ನಂಗೆ ಓದಾಕೆ ಬರಾಕಿಲ್ಲ ಕಣವ್ವಾ. ಆದ್ರೆ ಐದಾರು ವರ್ಸದಿಂದ ಈ ಅಕ್ಸರ ಗುರ್ತು ಐತೆ. ಗುಂಡ್‌ಗುಂಡಕೆ, ಇಬ್ರು ಕೂರೋ ಸೀಟ್ನಾಗೆ ಮೂರ್ ಜನ ಒತ್ತರ್ಸಿ ಕುಂತಂಗೆ. ಇವ್ರು ತಂದಾಗ ನಾನೇ ತಿರುಗ್ಸಿ ನೋಡ್ದೆ. ಅದೇ ಅಕ್ಸರ. ಕಳ್ಮಾಲು ಅಂದ್ರೆ ಅಕ್ಸರನಾದ್ರೂ ಬ್ಯಾರೆ ಇರ್ಬೇಕಿತ್ತಲ್ವಾ?"

ರುದ್ರಯ್ಯ ಪೊಟ್ಟಣ ಕೈಗೆ ತೆಗೆದುಕೊಂಡ. ಹೆಸರಿನ ಕೊನೆಯ 'ಲು' ಅಕ್ಷರದ ಹೊಟ್ಟೆಯಲ್ಲಿ ಒಂದು ಚುಕ್ಕಿ ಇತ್ತು. ಸಾಸಿವೆಯ ಕಾಲು ಭಾಗದಷ್ಟು. ಮುದ್ರಣದಲ್ಲಿ ಸಿಡಿದ ಮಸಿಯೆಂದು ಯಾರೂ ಎರಡನೇ ಸಲ ನೋಡದಂಥದ್ದು. ಅವನು ಇನ್ನೊಂದು ಪೊಟ್ಟಣ ತೆಗೆದ. ಅದರಲ್ಲೂ ಅಲ್ಲೇ ಇತ್ತು. ಮೂರನೆಯದರಲ್ಲೂ.

ಪೊಟ್ಟಣವನ್ನು ಮೆಲ್ಲಗೆ ಮಗುಚಿಟ್ಟು ಪೆನ್ನು ಹಿಡಿದ. ಹೊಸ ಕಾಯ್ದೆ ಜಾರಿಗೆ ಬಂದು ಒಂಬತ್ತೇ ದಿನ. ಮೂವತ್ತು ವರ್ಷ ನಾಲ್ಕುನೂರ ಇಪ್ಪತ್ತು ಎಂದು ಬರೆದ ಕೈ, ಎಫ್‌ಐಆರ್‌ನಲ್ಲಿ ವಂಚನೆಗೆ 318(4) ಎಂದು ಬರೆಯುವಾಗ ತಡವರಿಸಿತು. ಮೇಘಶ್ರೀ ನಕ್ಕು, "ಅಭ್ಯಾಸ ಆಗುತ್ತೆ ಬಿಡಿ ರುದ್ರಯ್ಯ ಅವರೇ," ಎಂದರು. ಕೈ ತಡವರಿಸಿದ್ದು ಅದಕ್ಕಲ್ಲ ಎಂದು ರುದ್ರಯ್ಯ ಹೇಳಲಿಲ್ಲ.

ಅಪರಾಧ ಸಂಖ್ಯೆ 187/2024. ಸಮಯ 11.50.

*

ಮಧ್ಯಾಹ್ನ ಎರಡೂಕಾಲಿಗೆ ಕೊರವಂಗಲದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಕೀರ್ತಿರಾಜ್ ಮೊಬೈಲಿನಲ್ಲಿ ವಿಡಿಯೋ ಹಿಡಿದ, ಹೊಸ ಕಾಯ್ದೆಯಲ್ಲಿ ಜಪ್ತಿಗೆ ಅದು ಕಡ್ಡಾಯ. ಕೃಷಿ ಇಲಾಖೆಯ ಅಧಿಕಾರಿ ರವೀಂದ್ರ ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಿದರು. ಬಲಕ್ಕೆ ಚಿಕ್ಕಯ್ಯನ ಹೊಲ ಮೊಣಕಾಲೆತ್ತರ ಹಸಿರು. ಎಡಕ್ಕೆ ಪುಟ್ಟಸ್ವಾಮಿಯ ಹೊಲ ಕರಿಕಂಬಳಿ ಹಾಸಿದಂತೆ. ಒಡೆಯದೆ ಉಳಿದಿದ್ದ ಒಂದು ಪೊಟ್ಟಣ ಬಿಚ್ಚಿ, ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಪ್ರಯೋಗಾಲಯದ ವರದಿ ಬರದೆ ನಾನು ಬರೆದುಕೊಡೋ ಹಾಗಿಲ್ಲ. ಬಾಯಿಮಾತಲ್ಲಿ ಕೇಳಿದರೆ, ಇದು ಸೀಮೆಸುಣ್ಣ."

ಪುಟ್ಟಸ್ವಾಮಿ ಬದುವಿನ ಮೇಲೆ ಕೂತುಬಿಟ್ಟ. ರುದ್ರಯ್ಯ ಪಂಚರ ಸಹಿ ಹಾಕಿಸಿ, ಮಾದರಿಯ ಚೀಲಕ್ಕೆ ಅರಗಿನ ಮುದ್ರೆ ಒತ್ತಿದ. ಆ ಹೊತ್ತೆಲ್ಲ ಅವನ ಮನಸ್ಸು ಹೊಳೆನರಸೀಪುರದ ಪೇಟೆಬೀದಿಯ ಒಂದು ಜಗಲಿಯ ಮೇಲಿತ್ತು.

ಪೊಲೀಸು ಸೇರುವ ಮೊದಲು ಎರಡು ವರ್ಷ ಅವನು ಆ ಜಗಲಿಯಲ್ಲಿ ಪಂಚಾಕ್ಷರಯ್ಯ ಮೇಷ್ಟ್ರ ಹತ್ತಿರ ಬೋರ್ಡು ಬರೆಯುವುದನ್ನು ಕಲಿತಿದ್ದ. ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ, ಬಣ್ಣದ ಮೇಷ್ಟ್ರು. ಆ ಸೀಮೆಯ ಖಾಸಗಿ ಬಸ್ಸುಗಳಿಗೆಲ್ಲ ಊರಿನ ಹೆಸರು ಬರೆದವರು. ಬಸ್ಸಿನ ಹಣೆಯ ತಗಡು ಎರಡೂವರೆ ಅಡಿ. ಅದರೊಳಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಕೂರಬೇಕು, ದೂಳೆದ್ದರೂ ದೂರದಿಂದ ಕಾಣಬೇಕು. ಕನ್ನಡದ ಅಕ್ಷರಕ್ಕೆ ಹುಟ್ಟಾ ಹೊಟ್ಟೆ ದೊಡ್ಡದು, ಕಾಲು ಚಾಚಿ ಕೂರುವ ಜಾತಿ. ಪಕ್ಕದಿಂದ ಹಿಂಡಿದರೆ ಹೊಟ್ಟೆ ಮುಚ್ಚಿ, ದೂರಕ್ಕೆ ಮಸಿಮುದ್ದೆಯಾಗಿ ಕಾಣುತ್ತದೆ. ಮೇಷ್ಟ್ರು ಹಿಂಡಲಿಲ್ಲ. ಅಡ್ಡ ಮಲಗಿದ್ದ ಹೊಟ್ಟೆಯನ್ನು ಮೊಟ್ಟೆ ನಿಲ್ಲಿಸಿದಂತೆ ನೆಟ್ಟಗೆ ನಿಲ್ಲಿಸಿದರು. ತಲೆಕಟ್ಟು ಮೊಟಕು ಮಾಡಿದರು. ಒತ್ತಕ್ಷರವನ್ನು ಕೋಳಿ ಮರಿಯನ್ನು ರೆಕ್ಕೆ ಕೆಳಗೆ ಎಳೆದುಕೊಂಡಂತೆ ಒಳಗೆ ಸೇರಿಸಿದರು. ಗೆರೆಯ ದಪ್ಪ ಎಲ್ಲೂ ಬದಲಾಗದು, ತುದಿಯೆಲ್ಲ ದುಂಡಗೆ. ಚೌಕದ ಮೂಲೆ ಇದ್ದರೆ ಬಿಸಿಲು ಮಳೆಗೆ ಬಣ್ಣ ಮೊದಲು ಏಳುವುದು ಅಲ್ಲಿಂದಲೇ ಎಂದು ಅವರು ಹೇಳುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಬೋರ್ಡು ಮುಗಿದ ಮೇಲೆ, ಕೊನೆಯ ಅಕ್ಷರದ ಹೊಟ್ಟೆಯಲ್ಲಿ ಬ್ರಷ್ಷಿನ ಕೂದಲ ತುದಿಯಿಂದ ಒಂದು ಚುಕ್ಕಿ. ಮಗುವಿನ ಕೆನ್ನೆಗೆ ಇಡುವಂತೆ, ದೃಷ್ಟಿಬೊಟ್ಟು. ಅದಿಲ್ಲದೆ ಒಂದು ತಗಡೂ ಜಗಲಿ ಇಳಿಯುವಂತಿರಲಿಲ್ಲ. ಬೋರ್ಡು ಬರೆಸಿಕೊಂಡು ಹೋದವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವರು ಮೂವರು: ಮೇಷ್ಟ್ರು, ಅವರ ಶಿಷ್ಯರಾದ ಶಾಂತರಾಜು ಮತ್ತು ರುದ್ರಯ್ಯ.

*

ಜುಲೈ 10, ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಚನ್ನರಾಯಪಟ್ಟಣ. ತೆಂಗಿನಕಾಯಿ ಮಾರುಕಟ್ಟೆಯ ಎದುರಿನ ಗೊಬ್ಬರದಂಗಡಿಯ ಮಾಲೀಕ ಚಂದ್ರಮೌಳಿ ಪೊಲೀಸರನ್ನು ಕಂಡೊಡನೆ ವಿಭೂತಿಯ ಹಣೆ ಒರೆಸಿಕೊಂಡ. ಮಳಿಗೆಯಲ್ಲಿ 212 ಪೊಟ್ಟಣ ಸಿಕ್ಕವು.

"ಬಿಲ್ಲು?"

"ಆಮೇಲೆ ಕಳಿಸ್ತೀನಿ ಅಂದಿದ್ರು ಮೇಡಂ."

"ಯಾರು?"

"ಸುದರ್ಶನ್. ಆ ಕಂಪನಿ ಸೇಲ್ಸ್‌ನವರು. ಏಳು ವರ್ಷದಿಂದ ಅವರೇ ಮಾಲು ತರ್ತಿದ್ದಿದ್ದು."

ಮೇಘಶ್ರೀ ಅಲ್ಲಿಂದಲೇ ಕಂಪನಿಗೆ ಫೋನು ಮಾಡಿದರು. ಸುದರ್ಶನ್‌ನನ್ನು ಮಾರ್ಚಿನಲ್ಲೇ ಕೆಲಸದಿಂದ ತೆಗೆದಿದ್ದೇವೆ ಎಂದರು. ಅವನ ಮೊಬೈಲು ಸ್ವಿಚ್ ಆಫ್ ಆಗಿತ್ತು.

"ನಂಗೆ ಯಾರೂ ಹೇಳ್ಲಿಲ್ಲ ಸಾ," ಎಂದು ಚಂದ್ರಮೌಳಿ ರುದ್ರಯ್ಯನ ಕಡೆ ತಿರುಗಿದ. "ಪೊಟ್ಟಣ ನೋಡಿ ತಗೊಂಡೆ. ಅಕ್ಷರ ಹಂಗೇ ಇತ್ತು. ನೀವಾಗಿದ್ರೂ ತಗೊಳ್ತಿದ್ರಿ."

ಅವನನ್ನು ಹಾಸನಕ್ಕೆ ಕರೆತಂದು ವಿಚಾರಣೆಗೆ ಕೂರಿಸಿದರು. ಕೊರವಂಗಲದ ಹನ್ನೊಂದು ಜನ ಠಾಣೆಯ ಮುಂದೆ ಟೆಂಪೋ ನಿಲ್ಲಿಸಿಕೊಂಡು ನಿಂತಿದ್ದರು. ಒಬ್ಬ ಪುಟ್ಟಸ್ವಾಮಿಗೆ, "ಕಮಿಷನ್ ಎಷ್ಟ್ ಕೊಟ್ಟ್ನಲಾ ನಿಂಗೆ?" ಎಂದ. ಚಿಕ್ಕಮ್ಮ ಮುಂದೆ ಬಂದು, "ನಮ್ಮೊಲ ಮೊದ್ಲು ಓಗಿರಾದು ಕಣಣ್ಣಾ. ಕಮಿಸನ್ ಈಸ್ಕಂಡೋರು ಮೊದ್ಲು ತಮ್ಮೊಲ ಸುಟ್ಕತಾರಾ?" ಎಂದಳು.

ಮೂಲ ಸಿಗದಿದ್ದರೆ ನಾಳೆ ಚಂದ್ರಮೌಳಿಯನ್ನೇ ಒಂದನೇ ಆರೋಪಿ ಮಾಡಿ ನ್ಯಾಯಾಲಯಕ್ಕೆ ಹಾಜರುಪಡಿಸುವುದು ಎಂದು ಮೇಘಶ್ರೀ ಹೇಳಿದರು. ರುದ್ರಯ್ಯ ತಲೆಯಾಡಿಸಿದ. ಸುಮ್ಮನಿದ್ದರೆ ತಪ್ಪು ಮಾಡದ ಅಂಗಡಿಯವನು ಜೈಲಿಗೆ ಹೋಗುತ್ತಾನೆ. ಬಾಯಿ ಬಿಟ್ಟರೆ ಎಪ್ಪತ್ತೊಂದು ವರ್ಷದ ಮೇಷ್ಟ್ರು ಹೋಗುತ್ತಾರೆ.

ಆ ಮೇಷ್ಟ್ರಿಗೆ ಅವನು ಒಂದು ಬಾಕಿ ಉಳಿಸಿಕೊಂಡಿದ್ದ. ಕಲಿಸಿದ್ದಕ್ಕೆ ಅವರು ಕಾಸು ಮುಟ್ಟುತ್ತಿರಲಿಲ್ಲ. ಕಲಿತು ಹೊರಡುವ ಶಿಷ್ಯ ಗುರುವಿನ ಹೆಸರಿನ ಫಲಕ ಬರೆದು ಬಾಗಿಲ ಮೇಲೆ ಹಾಕಿ ಹೋಗಬೇಕು, ಅಷ್ಟೇ. ತಮ್ಮ ಹೆಸರನ್ನು ತಾವೇ ಬರೆದುಕೊಳ್ಳಬಾರದೆಂಬುದು ಅವರ ನಿಯಮ. ರುದ್ರಯ್ಯನಿಗೆ ಪೊಲೀಸು ಆಯ್ಕೆಯ ಪತ್ರ ಬಂದದ್ದು ಸೋಮವಾರ, ಹೊರಟದ್ದು ಮಂಗಳವಾರ. ಬಂದು ಬರೆಯುತ್ತೇನೆ ಎಂದಿದ್ದ. ಶಾಂತರಾಜು ಅರಕಲಗೂಡಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟ ಮೇಲೆ ಗುರುವಿನ ಫೋಟೋ ಹಾಕಿದ ದೊಡ್ಡ ಫ್ಲೆಕ್ಸ್ ತಂದು ಕಟ್ಟಿದ. ಮೇಷ್ಟ್ರು ಅದನ್ನು ಬಿಚ್ಚಿ ದನದ ಕೊಟ್ಟಿಗೆಗೆ ಹೊದಿಸಿದರು. ಊರಿಗೆಲ್ಲ ಹೆಸರು ಬರೆದವರ ಬಾಗಿಲು ಮೂವತ್ತೆರಡು ವರ್ಷದಿಂದ ಬೋಳಾಗಿತ್ತು.

*

ಜುಲೈ 11, ಗುರುವಾರ, ಬೆಳಿಗ್ಗೆ 8.30. ಮೇಘಶ್ರೀ ಚಿಕ್ಕಯ್ಯನ ಮನೆಯಿಂದ ತರಿಸಿದ ಅಸಲಿ ಪೊಟ್ಟಣವನ್ನೂ ನಕಲಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು.

"ಕಂಪನಿಯವರು ಹೇಳೋದು ಕೇಳಿ. ಬಳಸೋ ವಿಧಾನ, ಎಚ್ಚರಿಕೆ, ಪ್ರಮಾಣ ಎಲ್ಲಾ ಕನ್ನಡದಲ್ಲಿ ಇಷ್ಟು ಚಿಕ್ಕ ಲೇಬಲ್ಲಲ್ಲಿ ಹಿಡೀಬೇಕು. ಅದಕ್ಕೇ ಈ ಕಿರಿದಾದ ಅಕ್ಷರ ಮಾಡಿಸಿಕೊಂಡಿದ್ದಂತೆ. ಬೇರೆ ಯಾವ ಕಂಪ್ಯೂಟರಲ್ಲೂ ಇಲ್ವಂತೆ. ಮಾಮೂಲಿ ಅಕ್ಷರದಲ್ಲಿ ಹಾಕಿದ್ರೆ ಅರ್ಧ ಹೊರಗೆ ಉಳಿಯುತ್ತಂತೆ. ಹಾಗಿದ್ರೆ ಇವನಿಗೆ ಎಲ್ಲಿ ಸಿಕ್ತು?"

ರುದ್ರಯ್ಯ ಹೊರಗೆ ನೋಡಿದ. ಕಿಟಕಿಯಾಚೆ ಚಂದ್ರಮೌಳಿಯ ಹೆಂಡತಿ ಬುತ್ತಿ ಹಿಡಿದು ಕಾಯುತ್ತಿದ್ದಳು.

"ಮೇಡಂ, ಇದು ಕಂಪ್ಯೂಟರ್ ಅಕ್ಷರ ಅಲ್ಲ."

"ಅಂದ್ರೆ?"

"ಅಸಲಿಯಲ್ಲಿ 'ರ' ಎಷ್ಟಿದಾವೆ ನೋಡಿ. ಒಂದರ ಮೇಲೊಂದು ಇಟ್ಟರೆ ಕೂದಲೆಳೆ ಆಚೀಚೆ ಆಗಲ್ಲ. ಒಂದೇ ಅಚ್ಚಿನ ಇಡ್ಲಿ ಇದ್ದಂಗೆ. ಈಗ ನಕಲಿ ನೋಡಿ. ಈ 'ರ' ಒಂಚೂರು ಬಾಗೈತೆ. ಇದರ ಕೊಂಡಿ ಒಂಚೂರು ಗಿಡ್ಡ. ಇದು ರೊಟ್ಟಿ ಮೇಡಂ, ಕೈಯಲ್ಲಿ ತಟ್ಟಿರೋದು. ಯಾರೋ ದೊಡ್ಡದಾಗಿ ಕೈಯಲ್ಲಿ ಬರ್ದು, ಅದರ ಫೋಟೋ ಚಿಕ್ಕದು ಮಾಡಿ ಅಚ್ಚು ಹಾಕಿದಾರೆ."

ಮೇಘಶ್ರೀ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ನೋಡಿದರು. ನೋಡುತ್ತಲೇ ಕೇಳಿದರು, "ಇಷ್ಟು ಚೆನ್ನಾಗಿ ಬರೆಯೋ ಕೈ ಯಾರದು?"

"ಕೊನೇ ಅಕ್ಷರದಲ್ಲಿ ಒಂದು ಚುಕ್ಕಿ ಐತೆ. ಆ ಚುಕ್ಕಿ ಇಡೋದು ಮೂರು ಜನಕ್ಕೆ ಗೊತ್ತು. ಒಬ್ಬ ನಾನು."

ಅವರು ಕನ್ನಡಿ ಕೆಳಗಿಟ್ಟು ತಲೆಯೆತ್ತಿದರು.

"ಯಾವತ್ತು ಗೊತ್ತಾಯ್ತು?"

"ದೂರು ಬಂದ ದಿನ."

"ಬರೆದುಕೊಡ್ತೀರಾ?"

"ಬರ್ದು ಕೊಡ್ತೀನಿ ಮೇಡಂ. ತಡ ಮಾಡಿದ್ದನ್ನೂ ಸೇರಿಸಿ ಬರೀತೀನಿ."

*

ಹನ್ನೊಂದು ಗಂಟೆಗೆ ಅರಕಲಗೂಡು. ಶಾಂತರಾಜುವಿನ ಅಂಗಡಿಯಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಯಂತ್ರದಿಂದ ಇಳಿಯುತ್ತಿತ್ತು. ರುದ್ರಯ್ಯನನ್ನು ನೋಡಿ ಅವನು ನಕ್ಕ.

"ಏನ್ಲಾ ರುದ್ರ, ಠಾಣೆ ಬೋರ್ಡ್ ಮಾಡಿಸ್ಬೇಕಾ? ನೀನೇ ಬರ್ಕತೀಯಲ್ಲ, ಪುಕ್ಕಟೆ."

ರುದ್ರಯ್ಯ ಪೊಟ್ಟಣ ಮುಂದಿಟ್ಟ. ನಗು ಇಳಿಯಿತು.

"ಅಚ್ಚು ಹಾಕಿದ್ದು ನೀನಾ?"

"ಸ್ಟಿಕ್ಕರ್ ತಾನೇ? ದಿನಾ ನೂರು ಹಾಕ್ತೀನಿ."

"ಬರ್ದಿದ್ದೂ ನೀನಾ?" ಎಂದು ಮೇಘಶ್ರೀ ಕೇಳಿದರು.

ಶಾಂತರಾಜು ತನ್ನ ಬಲಗೈ ಮೇಜಿನ ಮೇಲಿಟ್ಟು ಬೆರಳು ಬಿಡಿಸಿದ. "ಮೌಸ್ ಹಿಡ್ದು ಇಪ್ಪತ್ತು ವರ್ಷ ಆಯ್ತು ಮೇಡಂ. ಈ ಕೈಲಿ ಈಗ ಒಂದು 'ಅ' ನೆಟ್ಟಗೆ ಬರಲ್ಲ. ಇವನನ್ನೇ ಕೇಳಿ. ನೋಡಿದ ತಕ್ಷಣ ಯಾರ ಕೈ ಅಂತ ಗೊತ್ತಾಗಿರುತ್ತೆ ಇವನಿಗೆ."

"ಹಾಳೆ ಯಾರು ತಂದದ್ದು?"

"ಸುದರ್ಶನ್. ನಾನು ಆ ಚುಕ್ಕಿ ಅಳಿಸಕ್ಕೆ ಹೋದೆ. ಬೇಡ, ಅದು ಇರ್ಲೇಬೇಕು ಅಂದ. ಆಗಲೇ ನಂಗೆ ತಿಳೀತು. ಕೇಳ್ಲಿಲ್ಲ. ಕೇಳಿದ್ರೆ ಹೇಳ್ಬೇಕಾಗುತ್ತಲ್ಲ."

ಪುಡಿ ತುಂಬುವ ಜಾಗವನ್ನೂ ಅವನೇ ಹೇಳಿದ. ಸಂಜೆ ನಾಲ್ಕೂ ಇಪ್ಪತ್ತಕ್ಕೆ ಹರದನಹಳ್ಳಿಯ ಹೊರಗೆ ಹೊಗೆಸೊಪ್ಪು ಬೇಯಿಸುವ ಖಾಲಿ ಬ್ಯಾರನ್ನಿನಲ್ಲಿ ಸುದರ್ಶನ್ ಸಿಕ್ಕ. ಹದಿನೆಂಟು ಮೂಟೆ ಸೀಮೆಸುಣ್ಣದ ಪುಡಿ, ಪೊಟ್ಟಣದ ಬಾಯಿ ಬೆಸೆಯುವ ಯಂತ್ರ, ಲೇಬಲ್ಲಿನ ಎರಡು ಕಟ್ಟು ಜಪ್ತಿಯಾದವು. ಪಂಚನಾಮೆ ಬರೆಯುವಾಗ ಅವನು ತಾನಾಗಿಯೇ ಮಾತಾಡಿದ.

"ಮುದುಕ ದುಡ್ಡು ಕೇಳ್ಲಿಲ್ಲ ಮೇಡಂ. ಕೊಟ್ರೂ ಮುಟ್ಟಲಿಲ್ಲ. 'ನಾನು ಬರೆದಂಗೇ ಅಚ್ಚಾಗಬೇಕು, ಒಂದು ಚುಕ್ಕಿನೂ ತೆಗೀಬಾರ್ದು' ಅಂದ. ಅಷ್ಟೇ. ನಂಗೇನು, ಅವನ ಹುಚ್ಚು ಅವನಿಗೆ ಅಂತ ಬಿಟ್ಟೆ."

*

ಜುಲೈ 12, ಶುಕ್ರವಾರ, ಬೆಳಿಗ್ಗೆ 9.10. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಮಳೆ ನಿಂತು ಹೆಂಚಿನ ಅಂಚಿನಿಂದ ಹನಿ ಬೀಳುತ್ತಿತ್ತು. ಮೇಷ್ಟ್ರ ಹೆಂಡತಿ ನೀಲಗಂಗಮ್ಮ ಜಗಲಿ ಒರೆಸುತ್ತಿದ್ದವರು ತಲೆಯೆತ್ತಿದರು.

"ಏನೋ ರುದ್ರ, ಯೂನಿಫಾರ್ಮ್ ಹಾಕ್ಕೊಂಡು ಬಂದಿದೀಯ. ಊಟಕ್ಕೆ ಬಂದೋನಲ್ಲ ನೀನು." ನಂತರ ಹಿಂದೆ ನಿಂತ ಮೇಘಶ್ರೀಯವರನ್ನು ನೋಡಿ, ಒರೆಸುವ ಬಟ್ಟೆಯನ್ನು ಮೆಲ್ಲಗೆ ಹಿಂಡಿ ಪಕ್ಕಕ್ಕಿಟ್ಟರು.

ಪಂಚಾಕ್ಷರಯ್ಯ ಒಳಗೆ ಕಿಟಕಿಯ ಬೆಳಕಿಗೆ ಇಳಿಜಾರು ಹಲಗೆ ಹಾಕಿಕೊಂಡು ಕೂತಿದ್ದರು. ಎಡಗೈಯಲ್ಲಿ ಕೈಗೋಲು, ಅದರ ಮೇಲೆ ಊರಿದ ಬಲಗೈಯಲ್ಲಿ ಬ್ರಷ್ಷು. ಪಕ್ಕದಲ್ಲಿದ್ದ ಕಾಫಿಯ ಲೋಟ ಎತ್ತಿದಾಗ ಕೈ ಗಡಗಡ ನಡುಗಿ ಪಂಚೆಯ ಮೇಲೆ ಚೆಲ್ಲಿತು. ಲೋಟ ಇಟ್ಟು ಬ್ರಷ್ಷನ್ನು ಮತ್ತೆ ಕೋಲಿನ ಮೇಲೆ ಊರಿದಾಗ ಅದೇ ಕೈ ಕಲ್ಲಾಯಿತು.

"ಬಾ ರುದ್ರ. ಬೊಟ್ಟು ನೋಡಿದೆಯಾ?"

"ನೋಡಿದೆ ಮೇಷ್ಟ್ರೇ."

"ಯಾವತ್ತು?"

"ಮಂಗಳವಾರ."

"ಇವತ್ತು ಶುಕ್ರವಾರ. ಮೂರು ದಿನ ತಗಂಡೆ. ಕಣ್ಣು ಮಂದ ಆಗಿದೆಯೇನೋ ಅಂದ್ಕೊಂಡೆ."

ಮೇಘಶ್ರೀ ಎದುರಿಗೆ ಚಾಪೆಯ ಮೇಲೆ ಕೂತರು. "ಈ ಲೇಬಲ್ ಬರೆದದ್ದು ನೀವಾ?"

"ನಾನೇ. ಹಾಳೆ ನಾಲ್ಕು ಪಾಲು ದೊಡ್ಡದು. ಹತ್ತೊಂಬತ್ತು ದಿನ ಹಿಡೀತು."

"ನಕಲಿ ಔಷಧಿಗೆ ಅಂತ ಗೊತ್ತಿತ್ತಾ?"

"ಎರಡೂ ತಂದಿದೀರಾ? ಕೊಡಿ ಇಲ್ಲಿ." ಅವರು ಎರಡೂ ಪೊಟ್ಟಣಗಳನ್ನು ಹಲಗೆಯ ಮೇಲೆ ಜೋಡಿಸಿದರು. "ಎಂಟು ವರ್ಷದ ಹಿಂದೆ ಬೆಂಗಳೂರಿನಿಂದ ಕಂಪ್ಯೂಟರ್ ಅಕ್ಷರ ಮಾಡೋ ಇಬ್ಬರು ಬಂದು, ನಾನು ಬರೆದ ಬೋರ್ಡ್‌ಗಳ ಫೋಟೋ ಎಲ್ಲಾ ಹಿಡ್ಕೊಂಡು ಹೋದ್ರು. ಇದು ಆ ಫೋಟೋದಿಂದ ಅಚ್ಚು ತೆಗೆದಿದ್ದು. ಇದು ನನ್ನ ಕೈಯಲ್ಲೇ ಬರೆದಿದ್ದು. ಇದರಲ್ಲಿ ನಕಲಿ ಯಾವುದಮ್ಮ, ನೀವೇ ಹೇಳಿ."

"ಒಳಗಿರೋದು?"

ಮೇಷ್ಟ್ರು ಪೊಟ್ಟಣಗಳ ಅಂಚನ್ನು ಇನ್ನೊಂಚೂರು ನೆಟ್ಟಗೆ ಜೋಡಿಸಿದರು.

"ಅಕ್ಷರದ ಮಾತು ಆಯ್ತು. ಒಳಗಿರೋದರಲ್ಲಿ ನಕಲಿ ಯಾವುದು?"

"ಸೀಮೆಸುಣ್ಣ ಅಂದ. ವಿಷ ಅಲ್ಲ, ಯಾರಿಗೂ ಏನೂ ಆಗಲ್ಲ ಅಂದ."

"ಏನೂ ಆಗ್ಲಿಲ್ಲ ಮೇಷ್ಟ್ರೇ," ಎಂದ ರುದ್ರಯ್ಯ. "ಔಷಧಿ ಹೊಡ್ದೂ ಏನೂ ಆಗ್ಲಿಲ್ಲ. ಅದ್ಕೇ ಇಪ್ಪತ್ತಾರು ಎಕರೆ ಕೊಳೀತು. ಒಬ್ಬ ಹೆಂಗಸು ಬಂದಿದ್ರು. ಓದಕ್ಕೆ ಬರಲ್ಲ ಅವರಿಗೆ. ಅಕ್ಷರದ ಗುರುತು ನೋಡಿ ನಂಬಿದ್ವಿ ಅಂದ್ರು. ಇಬ್ಬರ ಸೀಟಲ್ಲಿ ಮೂರು ಜನ ಒತ್ತರಿಸಿ ಕೂತಂಗೆ ಇರ್ತವೆ, ಅದನ್ನ ನೋಡಿ ತಗಂಡ್ವಿ ಅಂದ್ರು."

ಮೇಷ್ಟ್ರ ಕೈಗೋಲು ಹಲಗೆಯಿಂದ ಜಾರಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

"ಬಸ್ಸಿನ ಸೀಟು ಅಂದ್ಲಾ?"

"ಹೂಂ."

"ನಾನು ಯಾರಿಗೂ ಹೇಳಿರ್ಲಿಲ್ಲ. ನಾನೂ ಹಂಗೇ ಅಂದ್ಕೊಂಡೇ ಕೂರಿಸ್ತಿದ್ದಿದ್ದು."

ಕೀರ್ತಿರಾಜ್ ವಿಡಿಯೋ ಹಿಡಿಯುತ್ತಿದ್ದ. ರುದ್ರಯ್ಯ ಮೇಘಶ್ರೀಯವರನ್ನು ಜಗಲಿಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದ, "ವಯಸ್ಸಾಗಿದೆ ಮೇಡಂ. ನೋಟಿಸ್ ಕೊಟ್ಟು ಕರೆಸಿದ್ರೆ ಸಾಲದಾ?"

"ನಾನೂ ಅದ್ನೇ ಯೋಚಿಸ್ತಿದ್ದೆ. ಹಲಗೆ ಮೇಲೆ ಏನಿದೆ ನೋಡಿದ್ರಾ?"

ಅವನು ನೋಡಿರಲಿಲ್ಲ. ನೋಡಲು ಮನಸ್ಸಾಗಿರಲಿಲ್ಲ. ಒಳಗೆ ಹೋಗಿ ಬಗ್ಗಿದ. ಹಲಗೆಯ ಮೇಲಿದ್ದದ್ದು ಶುಂಠಿ ಬೆಳೆಗೆ ಹೊಡೆಯುವ ಔಷಧಿಯ ಲೇಬಲ್. ಮುಕ್ಕಾಲು ಪಾಲು ಮುಗಿದಿತ್ತು. ಎಚ್ಚರಿಕೆಯ ಸಾಲುಗಳವರೆಗೆ ಬಂದು ಬಣ್ಣ ಇನ್ನೂ ಹಸಿಯಾಗಿತ್ತು.

ಅವನು ನೆಟ್ಟಗಾಗಿ ಮೇಘಶ್ರೀಯವರ ಕಡೆ ನೋಡಿ, ದಸ್ತಗಿರಿಗೆ ಒಪ್ಪಿ ತಲೆಯಾಡಿಸಿದ.

ದಸ್ತಗಿರಿಯ ಮೆಮೊ 10.25ಕ್ಕೆ ಬರೆಯಲಾಯಿತು. ಕಾರಣವನ್ನು ನೀಲಗಂಗಮ್ಮನವರಿಗೆ ಓದಿ ಹೇಳಿ ಸಹಿ ತೆಗೆದುಕೊಂಡರು. ಹೇಳಿಕೆಯ ಕೊನೆಯಲ್ಲಿ ಮೇಘಶ್ರೀ ಇನ್ನೊಂದು ಪ್ರಶ್ನೆ ಕೇಳಿದರು. ಅದು ಕಡತಕ್ಕೆ ಬೇಕಾದುದಾಗಿರಲಿಲ್ಲ.

"ಬೊಟ್ಟಿನಿಂದ ಸಿಕ್ಕಿಬೀಳ್ತೀರ ಅಂತ ಗೊತ್ತಿತ್ತಲ್ಲ. ಯಾಕಿಟ್ರಿ?"

"ಇಡದೆ ಹೆಂಗಮ್ಮ ಕಳ್ಸೋದು? ದೃಷ್ಟಿ ಆಗಲ್ವೇ?"

ಆಮೇಲೆ ಅವರು ತಾವಾಗಿಯೇ ಹೇಳಿದ್ದನ್ನು ರುದ್ರಯ್ಯ ಬರೆದುಕೊಂಡ. ಬೆಂಗಳೂರಿನವರು ಎರಡು ದಿನ ಇದ್ದು, ಕಾಫಿ ಕುಡಿದು, ಒಂದು ಶಾಲು ಹೊದಿಸಿ ಹೋಗಿದ್ದರು. ಹೆಸರು ಹಾಕಿ ಎಂದು ಇವರು ಕೇಳಿರಲಿಲ್ಲ. ಬೊಟ್ಟು ಮಾತ್ರ ಬಿಡಬೇಡಿ, ಎಲ್ಲಾದರೂ ಒಂದು ಕಡೆ ಇಡಿ ಎಂದಿದ್ದರು. ಅವರು ಆಗಲಿ ಎಂದು ನಕ್ಕಿದ್ದರು. ಕೆಲ ವರ್ಷ ಕಳೆದು ಔಷಧಿ ಅಂಗಡಿಯಲ್ಲಿ ತಮ್ಮ ಅಕ್ಷರವನ್ನು ಕಂಡಾಗ ಮೇಷ್ಟ್ರು ಮನೆಯಿಂದ ಭೂತಗನ್ನಡಿ ತಂದು, ಒಂದೊಂದೇ ಪೊಟ್ಟಣ ಎತ್ತಿ, ಮಧ್ಯಾಹ್ನದವರೆಗೆ ಬೊಟ್ಟು ಹುಡುಕಿದರು. ಬೆಂಗಳೂರಿನವರು ಅದನ್ನು ಕೊಳೆಯೆಂದುಕೊಂಡು ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟಿದ್ದರು. ಬೋಳು ಮುಖದ ಅಕ್ಷರಗಳು ಊರೂರು ತಿರುಗುತ್ತಿದ್ದವು. ಆ ದಿನ ಅಂಗಡಿಯಲ್ಲಿ ನಿಂತು ಇವರನ್ನು ನೋಡುತ್ತಿದ್ದ ಸೇಲ್ಸಿನವನೇ ಸುದರ್ಶನ್.

"ಒಂದು ಸಲ ಸರಿಯಾಗಿ ಹೊರಗೆ ಹೋಗ್ಲಿ ಅನ್ನಿಸ್ತು," ಎಂದರು ಮೇಷ್ಟ್ರು. "ಹೊಲ ಕಣ್ಣಿಗೆ ಬರಲಿಲ್ಲ. ಅಕ್ಷರವೇ ಕಂಡದ್ದು."

ಏಳುವ ಮುಂಚೆ ಅವರು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ಕೂದಲನ್ನು ತುಟಿಯಲ್ಲಿ ಚೂಪು ಮಾಡಿ ಡಬ್ಬಿಗೆ ಹಾಕಿದರು. ಕೀರ್ತಿರಾಜ್ ಅದನ್ನೂ ಜಪ್ತಿ ಪಟ್ಟಿಗೆ ಸೇರಿಸಿದ.

*

ಗುರುವಾರವೇ ಬಿಟ್ಟು ಕಳಿಸಿದ್ದ ಚಂದ್ರಮೌಳಿ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಸಾಕ್ಷಿಯ ಹೇಳಿಕೆ ಕೊಟ್ಟು ಹೋದ. ಶಾಂತರಾಜುವಿಗೆ ನೋಟಿಸು ಹೋಯಿತು. ಪುಟ್ಟಸ್ವಾಮಿ ಎಫ್‌ಐಆರ್‌ನ ಪ್ರತಿಯನ್ನು ನಾಲ್ಕಾಗಿ ಮಡಿಸಿ, "ಊರ್ನೋರ್ಗೆ ಇದ್ನ ತೋರುಸ್ಬೋದಾ ಸಾ?" ಎಂದು ಕೇಳಿ ಜೇಬಿಗಿಟ್ಟುಕೊಂಡ. ಚಿಕ್ಕಮ್ಮ ಬೆಂಚಿನ ಮೇಲೆ ಕೂತಿದ್ದ ಮುದುಕರನ್ನು ನೋಡಿದಳು. ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿದರು.

ಠಾಣೆಯ ಗೋಡೆಯ ಮೇಲೆ ದಸ್ತಗಿರಿಯಾದವರ ಹೆಸರು ಬರೆಯುವ ಕಪ್ಪು ಹಲಗೆಯಿತ್ತು. ಬರೆಯುವ ಕೆಲಸ ರುದ್ರಯ್ಯನದು. ಹೆಸರಿನ ಅಂಕಣ ಕಿರಿದು. ಸುದರ್ಶನ್ ಎಂದು ಬರೆದು ಮುಗಿಸಿ, ಕೆಳಗಿನ ಸಾಲಿಗೆ ಬಂದು ಸೀಮೆಸುಣ್ಣ ಹಿಡಿದು ನಿಂತ. ನಂತರ ಸುಣ್ಣದ ತುದಿಯನ್ನು ಗೋಡೆಗೆ ಉಜ್ಜಿ ದುಂಡಗೆ ಮಾಡಿಕೊಂಡ. ಪ. ಅದರ ಸೊನ್ನೆ. ಚಾ. 'ಕ್ಷ' ಅಕ್ಷರದ ಹೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿದ. ಅಷ್ಟುದ್ದದ ಹೆಸರು ಅಂಕಣದೊಳಗೆ ಕೂತು ಒಂದು ಬೆರಳು ಜಾಗ ಉಳಿಯಿತು.

ಅಷ್ಟರಲ್ಲಿ ಮೇಷ್ಟ್ರನ್ನು ಲಾಕಪ್ಪಿಗೆ ಕಳಿಸಿದ್ದರು. ಹಿಂದೆ, ಕಂಬಿಯಾಚೆಯಿಂದ ದನಿ ಬಂತು.

"ಒತ್ತು ಇನ್ನೊಂಚೂರು ಒಳಗೆ ತಗೋ."

ರುದ್ರಯ್ಯ ಬೆರಳಲ್ಲಿ ಒರೆಸಿ ತಿದ್ದಿದ.

"ಹಾಂ. ಬೊಟ್ಟು?"

"ಇಲ್ಲಿ ಬ್ಯಾಡ ಮೇಷ್ಟ್ರೇ. ಇದು ನಾಳೆ ಬೆಳಿಗ್ಗೆ ಅಳ್ಸೋದು."

ಮೇಷ್ಟ್ರು ಕಂಬಿ ಹಿಡಿದು ಹಲಗೆಯತ್ತ ಬಗ್ಗಿದರು.

"ಹಂಗಾದ್ರೆ ಇದು ಲೆಕ್ಕಕ್ಕಿಲ್ಲ ಕಣ್ಲಾ ರುದ್ರ. ಬಣ್ಣದಲ್ಲಿ ಬರೀಬೇಕು. ಬಾಗಿಲ ಮೇಲೆ."

"ಗೊತ್ತು ಮೇಷ್ಟ್ರೇ."

"ಬಾಕಿ ಐತೆ."

"ಐತೆ," ಎಂದ ರುದ್ರಯ್ಯ. ಕೈಗೆ ಹತ್ತಿದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡು, ಮುಂದಿನ ಅಂಕಣದಲ್ಲಿ ಅಪರಾಧ ಸಂಖ್ಯೆ ಬರೆಯಲು ಶುರುಮಾಡಿದ.